ಹಳೆಯ ಕ್ರಯಪತ್ರದ ಸ್ಕ್ಯಾನ್: ಗಾತ್ರ ಇಳಿಸಲು ನಾನು ಅನುಸರಿಸುವ ಕ್ರಮ

ಫೈಲಿನ ಗಾತ್ರ ಅರ್ಧಕ್ಕರ್ಧ ತೀರ್ಮಾನವಾಗುವುದು ಸ್ಕ್ಯಾನ್ ಮಾಡುವಾಗಲೇ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಒಂದು ಎ4 ಪುಟವೆಂದರೆ 2480 × 3508 ಪಿಕ್ಸೆಲ್. ಬಣ್ಣದಲ್ಲಿ ತೆಗೆದರೆ ಕಂಪ್ರೆಸ್ ಆಗುವ ಮೊದಲು 26 ಎಂಬಿ, ಗ್ರೇಸ್ಕೇಲ್‌ನಲ್ಲಿ 8.7 ಎಂಬಿ, ಬರೀ ಕಪ್ಪು-ಬಿಳುಪಿನಲ್ಲಿ 1.1 ಎಂಬಿ. ಈ ಕೊನೆಯದಕ್ಕೆ ಸಿಸಿಐಟಿಟಿ ಗ್ರೂಪ್ 4 ಎಂಬ ಕಂಪ್ರೆಷನ್ ವಿಧಾನ ಹಾಕಿದರೆ ಟೈಪ್ ಮಾಡಿದ ಸ್ವಚ್ಛ ಪುಟ ಸಾಮಾನ್ಯವಾಗಿ 100 ಕೆಬಿಯೊಳಗೆ ಕೂರುತ್ತದೆ.

ಹಾಗಾಗಿ ಮೊದಲು ಪುಟಗಳನ್ನು ಬೇರ್ಪಡಿಸುತ್ತೇನೆ. ಛಾಪಾ ಕಾಗದ, ಸೀಲು, ಹೆಬ್ಬೆಟ್ಟಿನ ಗುರುತು ಇರುವವು ಬಣ್ಣದಲ್ಲಿ, 200 ಡಿಪಿಐ, ಜೆಪಿಇಜಿ. ಉಳಿದವೆಲ್ಲ 300 ಡಿಪಿಐ ಗ್ರೇಸ್ಕೇಲ್. ಸ್ಕ್ಯಾನರಿನ ಕಪ್ಪು-ಬಿಳುಪು ಆಯ್ಕೆಯನ್ನು ನಾನು ಒತ್ತುವುದೇ ಇಲ್ಲ: ಸಾಮಾನ್ಯವಾಗಿ ಅದು ಇಡೀ ಪುಟಕ್ಕೆ ಒಂದೇ ಮಿತಿ (ಎಷ್ಟು ಗಾಢವಾದುದನ್ನು ಕಪ್ಪೆಂದು ಎಣಿಸಬೇಕೆಂಬ ಗಡಿ) ಹಾಕುವುದರಿಂದ ಮಾಸಿದ ನೀಲಿ ಶಾಯಿ ಅಳಿದುಹೋಗುತ್ತದೆ, ಹಳದಿಗಟ್ಟಿದ ಅಂಚು ಕಪ್ಪಾಗಿ ಹರಡುತ್ತದೆ. ತೆಳು ಕಾಗದದಲ್ಲಿ ಹಿಂಬದಿಯ ಬರಹ ಮೂಡುತ್ತಿದ್ದರೆ ಹಿಂದೆ ಒಂದು ಕಪ್ಪು ಹಾಳೆ ಇಡಬೇಕು. ಇಲ್ಲದಿದ್ದರೆ ಆ ಕಲೆಗಳೂ ಫೈಲಿಗೆ ಭಾರವೇ.

ಆ ಗ್ರೇಸ್ಕೇಲ್ ಪುಟಗಳನ್ನು ಕಪ್ಪು-ಬಿಳುಪು ಮಾಡುವುದು ಆಮೇಲೆ, ಸ್ಕ್ಯಾನ್‌ಟೈಲರ್ ಎಂಬ ತಂತ್ರಾಂಶದಲ್ಲಿ. ಪುಟ ನೇರ ಮಾಡಿ, ಅಂಚಿನ ನೆರಳು ಕತ್ತರಿಸಿ, ಮಿತಿಯ ಗುಂಡಿಯನ್ನು ಪುಟಪುಟಕ್ಕೂ ನೋಡಿ ಸರಿಸುತ್ತೇನೆ. ಇಲ್ಲಿ ಅವಸರ ಸಲ್ಲದು. ದಪ್ಪ ಹೆಚ್ಚಾದರೆ ‘ಧ’ದ ಕೆಳಗಿನ ಸೀಳು ಮುಚ್ಚಿಹೋಗಿ ಅದು ‘ದ’ದಂತೆ ಕಾಣುತ್ತದೆ, ಒತ್ತಕ್ಷರ ಮುದ್ದೆಯಾಗುತ್ತದೆ, ತೆಳುವಾದರೆ ಗೆರೆಗಳೇ ತುಂಡಾಗುತ್ತವೆ. ಚುಕ್ಕೆ ತೆಗೆಯುವ ಸೌಲಭ್ಯವನ್ನು ಕನಿಷ್ಠದಲ್ಲಿಡುತ್ತೇನೆ. ಅದು ಜೋರಾದರೆ ಧೂಳಿನ ಜೊತೆಗೆ ವಿಸ್ತೀರ್ಣದ ದಶಾಂಶ ಬಿಂದುವೂ ಹೋಗುತ್ತದೆ, 2.05 ಇದ್ದದ್ದು 205 ಆಗಿ ಕಾಣುತ್ತದೆ. ಔಟ್‌ಪುಟ್ ತಾನಾಗಿ 600 ಡಿಪಿಐ ಇರುತ್ತದೆ, 400 ಧಾರಾಳ ಸಾಕು.

ಇನ್ನೂ ಸಣ್ಣದು ಬೇಕಾದರೆ ಜೆಬಿಐಜಿ2 ಎಂಬ ಇನ್ನೊಂದು ಕಂಪ್ರೆಷನ್ ವಿಧಾನ ಇದೆ, ಆದರೆ ಚಿತ್ರದ ಯಾವ ಅಂಶವೂ ಕಳೆಯದ ನಷ್ಟರಹಿತ ಬಗೆಯದು ಮಾತ್ರ. ನಷ್ಟಸಹಿತ ಬಗೆಯು ಒಂದೇ ರೀತಿ ಕಂಡ ಅಕ್ಷರಗಳಿಗೆಲ್ಲ ಒಂದೇ ಅಚ್ಚು ಬಳಸುತ್ತದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಜೆರಾಕ್ಸ್ ಯಂತ್ರಗಳು ಸ್ಕ್ಯಾನ್ ಪ್ರತಿಯಲ್ಲಿ 6 ಇದ್ದಲ್ಲಿ 8 ಹಾಕುತ್ತಿದ್ದುದನ್ನು ತೋರಿಸಿದ್ದು ಇದೇ ಕಾರಣಕ್ಕೆ. ಮಸುಕಾಗಿದ್ದರೆ ಓದುವವರಿಗೆ ಅನುಮಾನವಾದರೂ ಬರುತ್ತದೆ. ಇಲ್ಲಿ ತಪ್ಪು ಅಂಕಿಯೇ ಸ್ಪಷ್ಟವಾಗಿ ಕೂತಿರುತ್ತದೆ, ಸರ್ವೆ ನಂಬರಿನಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಈಗಾಗಲೇ ದೊಡ್ಡ ಪಿಡಿಎಫ್ ಮಾತ್ರ ಕೈಯಲ್ಲಿದ್ದರೆ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ ಬಳಸುತ್ತೇನೆ. ಅದರ ‘ಇಬುಕ್’ ಆಯ್ಕೆ ಬಣ್ಣದ ಚಿತ್ರಗಳನ್ನು 150 ಡಿಪಿಐಗೆ ಇಳಿಸುತ್ತದೆ. ‘ಸ್ಕ್ರೀನ್’ 72ಕ್ಕೆ, ಕನ್ನಡದ ಸಣ್ಣಕ್ಷರಕ್ಕೆ ಅದು ಆಗದು. ಒಮ್ಮೆ ಕುಗ್ಗಿಸಿದ ಜೆಪಿಇಜಿಯನ್ನು ಮತ್ತೆ ಮತ್ತೆ ಕುಗ್ಗಿಸಬೇಡಿ, ಪ್ರತಿ ಸಲವೂ ಮೂಲ ಸ್ಕ್ಯಾನಿನಿಂದಲೇ ಶುರುಮಾಡಿ.

ಮುಗಿದ ಮೇಲೆ ಸರ್ವೆ ನಂಬರು, ಚಕ್ಕುಬಂದಿ, ಮೊತ್ತ, ದಿನಾಂಕಗಳನ್ನು 200% ಹಿಗ್ಗಿಸಿ ಕಾಗದದ ಪಕ್ಕದಲ್ಲಿಟ್ಟು ಓದುತ್ತೇನೆ. ಡಿಜಿಟಲ್ ಸಹಿ ಇರುವ ಪಿಡಿಎಫ್‌ಗಳನ್ನು ಮಾತ್ರ ಈ ಯಾವ ಕೆಲಸಕ್ಕೂ ಒಡ್ಡುವುದಿಲ್ಲ. ಫೈಲನ್ನು ಹೊಸದಾಗಿ ಬರೆದರೆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ.