ಈಗ ನುಂಗಿ ಅಕ್ಕಾ

ಬದಿಯಡ್ಕದ ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಯಾವಾಗಲೂ ಒಂದು ಲೋಟ ನೀರು ಇರುತ್ತದೆ. ಕುತ್ತಿಗೆಯಲ್ಲಿ ಗಂಟು ಎಂದು ಬಂದವರಿಗಾಗಿ ಇಟ್ಟದ್ದು. ಅವರನ್ನು ಸ್ಟೂಲಿನಲ್ಲಿ ಕೂರಿಸಿ, ಕರಿಮಣಿ ಬದಿಗೆ ಸರಿಸಿಕೊಳ್ಳಲು ಹೇಳಿ, ಹಿಂದೆ ನಿಂತು ಗಂಟಲಮಣಿಯ ಕೆಳಗೆ ಎರಡೂ ಕೈಯ ಬೆರಳಿಡುತ್ತೇನೆ. "ಒಂದು ಗುಟುಕು ಬಾಯಲ್ಲಿಟ್ಟುಕೊಳ್ಳಿ. ಹ್ಞಾಂ, ಈಗ ನುಂಗಿ ಅಕ್ಕಾ." ನುಂಗುವಾಗ ಗಂಟು ಮೇಲೇರಿ ಬೆರಳಡಿಯಲ್ಲಿ ಜಾರಿದರೆ ಅದು ಥೈರಾಯ್ಡಿನದೇ ಎಂದು ಹೆಚ್ಚುಕಡಿಮೆ ಖಾತ್ರಿ. ಕಿವಿಯ ಕೆಳಗಿನಿಂದ ಭುಜದವರೆಗೆ ಬೇರೆ ಗಡ್ಡೆ ಇದೆಯಾ ಎಂದೂ ತಡಕುತ್ತೇನೆ. ಸ್ವರ ಬದಲಾಗಿದೆಯಾ, ಮನೆಯಲ್ಲಿ ಯಾರಿಗಾದರೂ ಇತ್ತಾ ಎಂದು ಕೇಳುತ್ತೇನೆ.

"ಕ್ಯಾನ್ಸರಾ ಡಾಕ್ಟ್ರೇ?" ಎಲ್ಲರ ಮೊದಲ ಪ್ರಶ್ನೆ ಇದೇ. 100ರಲ್ಲಿ 90ಕ್ಕೂ ಹೆಚ್ಚು ಗಂಟುಗಳು ಕ್ಯಾನ್ಸರ್ ಅಲ್ಲ. ಅದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಹೆದರಿ ಕೂತವರಿಗೆ ಮುಂದಿನ ಮಾತು ಕಿವಿಗೆ ಹೋಗುವುದಿಲ್ಲ.

ಶುರುವಿನ ವರ್ಷಗಳಲ್ಲಿ ನನ್ನಿಂದ ಒಂದು ತಪ್ಪಾಯಿತು. ಪೆರ್ಲದ ಕಡೆಯ ಒಬ್ಬರನ್ನು ಟಿಎಸ್‌ಎಚ್ (ಥೈರಾಯ್ಡಿಗೆ ಕೆಲಸ ಹೇಳುವ ಹಾರ್ಮೋನಿನ ರಕ್ತಪರೀಕ್ಷೆ) ನೋಡದೆಯೇ, ಗಂಟಿನಿಂದ ಜೀವಕಣ ಹೀರಿ ನೋಡುವ ಸೂಜಿ ಪರೀಕ್ಷೆಗೆ ಕಳಿಸಿದೆ. ಅನುಮಾನದ ವರದಿ ಬಂತು. ಆಪರೇಷನ್‌ಗೆ ಮನೆಯವರೆಲ್ಲ ತಯಾರಾದರು. ಅದಕ್ಕೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕಡಿಮೆ! ಅಂದರೆ ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿರುವ ಸೂಚನೆ. ಮಂಗಳೂರಿನಲ್ಲಿ ಐಸೋಟೋಪ್ ಸ್ಕ್ಯಾನ್ ಮಾಡಿಸಿದಾಗ ಗಂಟೇ ಹಾರ್ಮೋನ್ ಸುರಿಸುತ್ತಿದೆ ಎಂದು ಗೊತ್ತಾಯಿತು. ಅದನ್ನು 'ಹಾಟ್' ಗಂಟು ಎನ್ನುತ್ತೇವೆ. ಇದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ, ಆದರೆ ಸೂಜಿಯಲ್ಲಿ ಬಂದ ಕಣಗಳು ಅನುಮಾನ ಹುಟ್ಟಿಸಬಹುದು. ಒಂದು ತಿಂಗಳು ಆ ಮನೆಯವರು ಸುಮ್ನೆ ನಿದ್ದೆಗೆಟ್ಟರು. ಅಂದಿನಿಂದ ಮೊದಲು ಟಿಎಸ್‌ಎಚ್, ಆಮೇಲೆಯೇ ಉಳಿದದ್ದು.

ಮುಂದಿನದು ಕುತ್ತಿಗೆಯ ಅಲ್ಟ್ರಾಸೌಂಡ್. ವರದಿಯಲ್ಲಿ ಗಾತ್ರಕ್ಕಿಂತ ಮೊದಲು ನಾನು ರೂಪ ಹುಡುಕುತ್ತೇನೆ. ನೀರು ತುಂಬಿದ ಗಂಟೋ, ಗಟ್ಟಿಯದೋ? ಅಗಲಕ್ಕಿಂತ ಎತ್ತರ ಜಾಸ್ತಿಯಾ? ಅಂಚು ಒರಟಾಗಿದೆಯಾ? ರವೆಯಂಥ ಬಿಳಿ ಚುಕ್ಕೆಗಳಿವೆಯಾ? ಇವಕ್ಕೆಲ್ಲ ಅಂಕ ಕೊಟ್ಟು, ಅನುಮಾನ ಎಷ್ಟು ಎಂದು ತೋರಿಸುವ ಟೈರಾಡ್ಸ್ ದರ್ಜೆ 1ರಿಂದ 5 ಎಂದು ಬರೆಯುತ್ತಾರೆ. 5 ಆದರೆ 1 ಸೆಂಟಿಮೀಟರಿಗೇ ಸೂಜಿ ಬೇಕು. 4 ಆದರೆ 1.5, 3 ಆದರೆ 2.5 ಸೆಂಟಿಮೀಟರ್. 1, 2ಕ್ಕೆ ಬೇಡ.

ಸೂಜಿಯ ವರದಿ ಬೆಥೆಸ್ಡಾ ಪಟ್ಟಿಯ 6 ವರ್ಗಗಳಲ್ಲಿ ಒಂದರಲ್ಲಿ ಬರುತ್ತದೆ. ಎರಡು ಎಂದರೆ ನೆಮ್ಮದಿ, ಆರು ಎಂದರೆ ಕ್ಯಾನ್ಸರ್. ಒಂದು ಬಂದರೆ ಕಣ ಸಾಲಲಿಲ್ಲ ಎಂದರ್ಥ, ಇನ್ನೊಮ್ಮೆ ಚುಚ್ಚಬೇಕು. ವಿವರಿಸಲು ಅತಿ ಕಷ್ಟ ನಾಲ್ಕನೆಯದು, ಅಂದರೆ ಫಾಲಿಕ್ಯುಲರ್ ಎಂಬ ಜಾತಿಯ ಗಂಟಿನ ಅನುಮಾನ. ಫಾಲಿಕ್ಯುಲರ್ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅದು ತನ್ನ ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಒಡೆದು ಹೊಕ್ಕಿದೆಯೇ ಎಂಬುದರ ಮೇಲೆ ನಿಂತಿದೆ. ಸೂಜಿಗೆ ಅದು ಕಾಣದು. ಅಡಿಕೆ ತೋಟದ ಒಬ್ಬರು "ಚುಚ್ಚಿಯೂ ಗೊತ್ತಾಗದಾ?" ಎಂದು ಬೇಸರಪಟ್ಟರು. "ಬೇಲಿಯೊಳಗಿನ ಒಂದು ಹಿಡಿ ಮಣ್ಣು ತಂದರೆ ಬೇರು ಬೇಲಿ ದಾಟಿದೆಯಾ ಎಂದು ಹೇಳಬಹುದಾ ಅಣ್ಣಾ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದರು. ಇಂಥ ಗಂಟಿಗೆ ಸಾಮಾನ್ಯವಾಗಿ ಗ್ರಂಥಿಯ ಅರ್ಧ ಭಾಗ ತೆಗೆದು ನೋಡುತ್ತಾರೆ.

ಕ್ಯಾನ್ಸರ್ ಎಂದಾದರೂ ಹೆಚ್ಚಿನವು ಪ್ಯಾಪಿಲರಿ ಜಾತಿಯವು. ನಿಧಾನಕ್ಕೆ ಬೆಳೆಯುತ್ತವೆ, ಚೆನ್ನಾಗಿ ಗುಣವಾಗುತ್ತವೆ. ಮೆಡ್ಯುಲರಿ ಬಂದರೆ ಮಾತ್ರ ಮಕ್ಕಳು, ಒಡಹುಟ್ಟಿದವರ ಬಗ್ಗೆಯೂ ಯೋಚಿಸಬೇಕು. 4ರಲ್ಲಿ 1 ವಂಶದಲ್ಲಿ ಹರಿದು ಬಂದದ್ದು. ವಯಸ್ಸಾದವರಲ್ಲಿ ವಾರಗಳಲ್ಲೇ ಉಬ್ಬಿ ಸ್ವರ ಕೂರಿಸುವ ಅನಾಪ್ಲಾಸ್ಟಿಕ್ ಅಪರೂಪ. ಅಂಥ ಗಂಟು ಕಂಡರೆ ಟಿಎಸ್‌ಎಚ್‌ಗೂ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ.

"ನನಗೇನೂ ಇಲ್ಲ, ಆದರೂ ಒಂದು ಸ್ಕ್ಯಾನ್ ಮಾಡಿಸಲಾ?" ಎನ್ನುವವರಿಗೆ ಬೇಡ ಎನ್ನುತ್ತೇನೆ. ದಕ್ಷಿಣ ಕೊರಿಯಾದಲ್ಲಿ ಹಾಗೆ ಹುಡುಕುತ್ತಾ ಹೋಗಿ 1993ರಿಂದ 2011ರೊಳಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 15 ಪಟ್ಟಾಯಿತು. ಸಾವು ಮಾತ್ರ ಇಳಿಯಲಿಲ್ಲ.

ನಮ್ಮ ಗಡಿನಾಡಿನಲ್ಲಿ ಒಬ್ಬರದೇ ಕಾಗದಗಳು ನಾಲ್ಕು ಕಡೆ ಚದುರಿರುತ್ತವೆ. ಸ್ಕ್ಯಾನ್ ಕಾಸರಗೋಡಿನಲ್ಲಿ, ಸೂಜಿ ಮಂಗಳೂರಿನಲ್ಲಿ. ಚೀಟಿ ಮಲಯಾಳದಲ್ಲಿ, ವರದಿ ಇಂಗ್ಲಿಷಿನಲ್ಲಿ. ಅದಕ್ಕೆ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಫೈಲು ಕೊಡುತ್ತೇನೆ. ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಬರೆಯುತ್ತೇನೆ: ಗಂಟು ಯಾವ ಬದಿ, ಎಷ್ಟು ಮಿಲಿಮೀಟರ್, ಯಾವ ತಾರೀಕು, ಮುಂದಿನ ಸ್ಕ್ಯಾನ್ ಯಾವಾಗ.