25ರ ವಯಸ್ಸಿನಲ್ಲಿ ನಿವೃತ್ತಿಗೆಂದು ತಿಂಗಳಿಗೆ ಎಷ್ಟು ಎತ್ತಿಡಬೇಕು? ಲೆಕ್ಕ ಹಾಕುವ ಬಗೆ

"ಸಂಬಳದಲ್ಲಿ ಹತ್ತು ಪರ್ಸೆಂಟ್ ಎತ್ತಿಡು, ಸಾಕು" ಅನ್ನುವವರಿದ್ದಾರೆ. "60ಕ್ಕೆ ಎಂಟು ಕೋಟಿ ಇಲ್ಲದಿದ್ದರೆ ಕಷ್ಟ" ಎಂದು ಹೆದರಿಸಿ ಪಾಲಿಸಿ ಮಾರುವವರೂ ಇದ್ದಾರೆ. ಇಬ್ಬರೂ ನಿಮ್ಮ ಖರ್ಚು ನೋಡಿ ಹೇಳಿದ್ದಲ್ಲ. ಪೇಸ್ಲಿಪ್, ಪಿಎಫ್ ಪಾಸ್‌ಬುಕ್, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಕೂತರೆ ನಿಮ್ಮದೇ ಮೊತ್ತ ಒಂದು ಗಂಟೆಯಲ್ಲಿ ಸಿಗುತ್ತದೆ.

ಉದಾಹರಣೆಗೆ ಬೆಂಗಳೂರಿನ ಖಾಸಗಿ ಕಂಪನಿಯೊಂದರ 25 ವರ್ಷದ ನೌಕರನನ್ನು ತೆಗೆದುಕೊಳ್ಳೋಣ. ಒಟ್ಟು ಸಂಬಳ 40,000 ರೂ., ಅದರಲ್ಲಿ ಬೇಸಿಕ್ 20,000. ಪಿಎಫ್‌ಗೆ 2,400, ವೃತ್ತಿ ತೆರಿಗೆಗೆ 200 ಕಡಿತವಾಗಿ ಕೈಗೆ ಬರುವುದು 37,400.

ಮೊದಲು ಖರ್ಚು, ಅದೂ ಇಂದಿನ ಬೆಲೆಯಲ್ಲಿ

ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ 35 ವರ್ಷದಲ್ಲಿ 7.7 ಪಟ್ಟಾಗುತ್ತವೆ. ಇಂದಿನ 30,000 ಆಗ ಸುಮಾರು 2.3 ಲಕ್ಷ. ಇಂಥ ಸಂಖ್ಯೆ ಕಣ್ಣಿಗೆ ಕಂಡರೂ ಮನಸ್ಸಿಗೆ ಹಿಡಿಯುವುದಿಲ್ಲ, ಎಂಟು ಕೋಟಿಯ ಹೆದರಿಕೆ ಹುಟ್ಟುವುದೂ ಇಲ್ಲೇ. ಆದ್ದರಿಂದ ಇಡೀ ಲೆಕ್ಕವನ್ನು ಇಂದಿನ ರೂಪಾಯಿಯಲ್ಲೇ ಮಾಡಿ. ಅದಕ್ಕೆ ಸರಿಯಾಗಿ, ಬರುವ ಬಡ್ಡಿಯಲ್ಲಿ ಬೆಲೆಯೇರಿಕೆಯ 6ನ್ನು ಕಳೆದು ಉಳಿದದ್ದನ್ನು ಮಾತ್ರ ಗಳಿಕೆ ಎಂದು ಹಿಡಿಯಿರಿ. ಪಿಎಫ್ ಬಡ್ಡಿ 2023-24 ಮತ್ತು 2024-25ರಲ್ಲಿ ಶೇ 8.25 ಇತ್ತು, ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಬರೀ ಶೇ 2.

ಖರ್ಚಿನ ಪಟ್ಟಿಯಿಂದ ಆಫೀಸಿನ ಓಡಾಟ, ಮಕ್ಕಳ ಫೀಸು, ಸಾಲದ ಕಂತು ತೆಗೆಯಿರಿ. ಔಷಧಿ ಮತ್ತು ಆರೋಗ್ಯ ವಿಮೆಯ ಕಂತು ಸೇರಿಸಿ. ಸ್ವಂತ ಮನೆ ಆಗುವುದು ಗ್ಯಾರಂಟಿ ಇದ್ದರೆ ಮಾತ್ರ ಬಾಡಿಗೆ ತೆಗೆಯಿರಿ. ಹುಡುಗರು ಹೆಚ್ಚಾಗಿ ಎಡವುವುದು ಇಲ್ಲಿ: ಪಿಜಿಯಲ್ಲಿ ಮೂವರು ಒಂದು ರೂಮು ಹಂಚಿಕೊಂಡು ತಿಂಗಳಿಗೆ 18,000ದಲ್ಲಿ ಮುಗಿಸುವವರು ಅದನ್ನೇ ನಿವೃತ್ತಿಯ ಖರ್ಚು ಎಂದು ಬರೆದುಕೊಳ್ಳುತ್ತಾರೆ. 65ರಲ್ಲಿ ಯಾರೂ ಪಿಜಿಯಲ್ಲಿರುವುದಿಲ್ಲ. ಅದಕ್ಕಿಂತ ಅಪ್ಪ-ಅಮ್ಮನ ಮನೆಯ ತಿಂಗಳ ಖರ್ಚು ಕೇಳಿ ತಿಳಿದುಕೊಳ್ಳುವುದು ಮೇಲು. ಇಲ್ಲಿ ಇಬ್ಬರ ಸಂಸಾರಕ್ಕೆ 30,000 ಎಂದು ಇಟ್ಟುಕೊಳ್ಳೋಣ.

ಅದನ್ನು 360ರಿಂದ ಗುಣಿಸಿ. 60ರಿಂದ 90ರವರೆಗೆ 360 ತಿಂಗಳು. ನಿವೃತ್ತಿಯ ನಂತರ ಹಣ ಬೆಲೆಯೇರಿಕೆಯಷ್ಟೇ ಬೆಳೆಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ ಎಂಬುದು ಇದರ ಹಿಂದಿನ ಊಹೆ. ಅಲ್ಲಿಗೆ ಬೇಕಾದ ಇಡುಗಂಟು 1.08 ಕೋಟಿ. ವರ್ಷದ ಖರ್ಚಿನ 25 ಪಟ್ಟು ಸಾಕು ಎಂಬ ಸೂತ್ರವೂ ಚಲಾವಣೆಯಲ್ಲಿದೆ. ಅದು ಅಮೆರಿಕದ ಶೇರು ಮತ್ತು ಬಾಂಡ್‌ಗಳ ಇತಿಹಾಸದಿಂದ ಬಂದದ್ದು, ನಮ್ಮ ಬೆಲೆಯೇರಿಕೆಗೆ ಹಾಗೇ ಒಪ್ಪುವುದಿಲ್ಲ.

ಇದರಲ್ಲಿ ಪಿಎಫ್ ಎಷ್ಟು ತುಂಬುತ್ತದೆ?

ಪೇಸ್ಲಿಪ್‌ನಲ್ಲಿ ಕಾಣುವುದು ನಿಮ್ಮ ಪಾಲು ಮಾತ್ರ. ಪೂರ್ತಿ ಚಿತ್ರಕ್ಕೆ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರಿನಿಂದ ಲಾಗಿನ್ ಆಗಿ ಪಾಸ್‌ಬುಕ್ ತೆರೆಯಿರಿ. ಉಮಂಗ್ ಆ್ಯಪ್‌ನಲ್ಲೂ ಸಿಗುತ್ತದೆ. ಪ್ರತಿ ತಿಂಗಳ ಎದುರು ಮೂರು ಅಂಕಣಗಳು: ನೌಕರನ ಪಾಲು, ಮಾಲೀಕರ ಪಾಲು, ಪಿಂಚಣಿ. ಕಂಪನಿಯೂ ಬೇಸಿಕ್‌ನ ಶೇ 12 ಕಟ್ಟುತ್ತದೆ. ನೀವು ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಅದರಲ್ಲಿ 1,250 ರೂ.ವರೆಗೆ ಪಿಂಚಣಿ ಅಂಕಣಕ್ಕೆ ಹೋಗುತ್ತದೆ, ಉಳಿದದ್ದು ನಿಮ್ಮ ಖಾತೆಗೆ.

2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರುವಾಗಲೇ ಪಿಎಫ್ ಸಂಬಳ 15,000 ದಾಟಿದ್ದರೆ ಪಿಂಚಣಿ ಸದಸ್ಯತ್ವ ಇಲ್ಲ. ಆ ಅಂಕಣ ಸೊನ್ನೆ ಇರಬೇಕು. ಸೊನ್ನೆ ಇರಬೇಕಾದಲ್ಲಿ 1,250 ಕಂಡರೆ ಎಚ್‌ಆರ್‌ಗೆ ಇವತ್ತೇ ಇಮೇಲ್ ಹಾಕಿ. ಈಗ ತಿದ್ದುವುದು ಸುಲಭ. ಮೂರು ಕಂಪನಿ ಬದಲಾದ ಮೇಲೆ ಹಣ ವರ್ಗಾಯಿಸುವಾಗ ಇದೇ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ನೌಕರನದ್ದು ಸೊನ್ನೆ. ಹಾಗಾಗಿ ಎರಡೂ ಪಾಲು ಸೇರಿ ತಿಂಗಳಿಗೆ 4,800, ವರ್ಷಕ್ಕೆ 57,600 ಪಿಎಫ್‌ಗೆ ಜಮಾ. ಸಂಬಳ ಬೆಲೆಯೇರಿಕೆಯ ಜೊತೆಗೇ ಏರುತ್ತಾ ಹೋದರೆ, ಶೇ 2ರಂತೆ 35 ವರ್ಷಕ್ಕೆ ಇದು ಸುಮಾರು 50 ಪಟ್ಟಾಗಿ 28.8 ಲಕ್ಷ ಮುಟ್ಟುತ್ತದೆ. ಬೇಕಾದದ್ದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು.

ನಿಮ್ಮ ಪೇಸ್ಲಿಪ್‌ನಲ್ಲಿ ಪಿಎಫ್ ಕಡಿತ ಸರಿಯಾಗಿ 1,800 ಎಂದಿದ್ದರೆ ಲೆಕ್ಕ ಬೇರೆ. ಕಂಪನಿ 15,000ದ ಮಿತಿಗಷ್ಟೇ ಕಟ್ಟುತ್ತಿದೆ ಎಂದರ್ಥ. ಬೇಸಿಕ್ ಲಕ್ಷವಾದರೂ ಅದು 1,800ಕ್ಕೇ ನಿಲ್ಲುತ್ತದೆ. ಎರಡೂ ಕಡೆಯ 3,600 ಹೀಗೇ ಕದಲದೆ 35 ವರ್ಷ ಉಳಿದರೆ ಇಂದಿನ ಬೆಲೆಯಲ್ಲಿ ಸಿಗುವುದು ಹತ್ತು ಲಕ್ಷದ ಆಸುಪಾಸು ಅಷ್ಟೇ. ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಆಯ್ಕೆ ಇದೆಯೇ ಎಂದು ಕೇಳಿ ನೋಡಿ.

ಪಿಂಚಣಿ ಸದಸ್ಯರಾದವರೂ ಅದನ್ನು ನೆಚ್ಚಿಕೊಳ್ಳಬೇಡಿ. ಸೂತ್ರ 15,000 × ಸೇವೆಯ ವರ್ಷಗಳು ÷ 70. 35 ವರ್ಷದ ಸೇವೆಗೆ ತಿಂಗಳಿಗೆ 7,500. ಮಿತಿ ಬದಲಾಗದಿದ್ದರೆ 35 ವರ್ಷದ ಬಳಿಕ ಅದರಲ್ಲಿ ಕೊಳ್ಳಬಹುದಾದದ್ದು ಇಂದು ಸಾವಿರ ರೂಪಾಯಿಗೆ ಬರುವಷ್ಟು ಸಾಮಾನು.

ಕೊರತೆಯಿಂದ ತಿಂಗಳ ಮೊತ್ತಕ್ಕೆ

108 ಲಕ್ಷದಲ್ಲಿ 28.8 ಕಳೆದರೆ ಕೊರತೆ 79.2 ಲಕ್ಷ. ಇದನ್ನು ಇಂಡೆಕ್ಸ್ ಫಂಡಿನಲ್ಲಿ (ಶೇರು ಸೂಚ್ಯಂಕದ ಕಂಪನಿಗಳಲ್ಲೇ ಹಣ ಹೂಡುವ ಮ್ಯೂಚುಯಲ್ ಫಂಡ್) ತುಂಬುತ್ತೀರಿ, ಬೆಲೆಯೇರಿಕೆ ಕಳೆದು ಶೇ 4 ಗಳಿಕೆ ಬರುತ್ತದೆ ಎಂದು ಇಟ್ಟುಕೊಂಡರೆ, ಕೊರತೆಯ ಪ್ರತಿ ಒಂದು ಲಕ್ಷಕ್ಕೆ 60ರವರೆಗೆ ತಿಂಗಳಿಗೆ ಕಟ್ಟಬೇಕಾದದ್ದು ಇಷ್ಟು:

22ರಲ್ಲಿ ಶುರು ಮಾಡಿದರೆ 97 ರೂ.
25ರಲ್ಲಿ 113 ರೂ.
30ರಲ್ಲಿ 149 ರೂ.
35ರಲ್ಲಿ 200 ರೂ.
40ರಲ್ಲಿ 280 ರೂ.

25ರ ನಮ್ಮ ನೌಕರನಿಗೆ 79.2 × 113, ಅಂದರೆ ಹೆಚ್ಚುಕಡಿಮೆ 9,000. ಇದೇ ಕೊರತೆ ತುಂಬಲು 35ರಲ್ಲಿ ಹೊರಟರೆ 15,840. ಎರಡೂ ಇಂದಿನ ರೂಪಾಯಿಯಲ್ಲಿ. ಆದ್ದರಿಂದ ಪ್ರತಿ ವರ್ಷ ಮೊತ್ತವನ್ನು ಶೇ 6ರಷ್ಟು ಏರಿಸುತ್ತಲೇ ಇರಬೇಕು. ಇದನ್ನು ಮರೆತು ಅದೇ 9,000ವನ್ನು 35 ವರ್ಷ ಕಟ್ಟಿದವರ ಗಂಟು ಅರ್ಧಕ್ಕೂ ಬರುವುದಿಲ್ಲ.

ಕೈಗೆ 37,400 ಬರುವವನಿಗೆ 9,000 ಭಾರವೇ. ಅದಕ್ಕೆ ಇನ್ನೊಂದು ದಾರಿ: 5,000ದಿಂದ ಶುರು ಮಾಡಿ, ಪ್ರತಿ ವರ್ಷ ಶೇ 10ರಂತೆ ಏರಿಸಿ. 60ಕ್ಕೆ ಸಿಗುವುದು ಬಹುಪಾಲು ಅಷ್ಟೇ ಗಂಟು. 40ರ ಹೊತ್ತಿಗೆ ಮೊದಲ ದಾರಿಯವರಿಗೆ ಸಮನಾಗಿ, ಆಮೇಲೆ ಅವರಿಗಿಂತ ಹೆಚ್ಚು ಕಟ್ಟಬೇಕಾಗುತ್ತದೆ. ಸಂಬಳ ಏರುವ ನೌಕರಿಯಾದರೆ ಇದೇ ವಾಸಿ. ಎಸ್‌ಐಪಿ (ಪ್ರತಿ ತಿಂಗಳು ಫಂಡಿಗೆ ತಾನಾಗಿ ಕಂತು ಹೋಗುವ ವ್ಯವಸ್ಥೆ) ನೋಂದಾಯಿಸುವಾಗಲೇ, ವರ್ಷವರ್ಷ ಕಂತು ಏರಿಸುವ ಸ್ಟೆಪ್-ಅಪ್ ಆಯ್ಕೆ ಒತ್ತಿ ಶೇ 10 ಎಂದು ತುಂಬಿಬಿಡಿ. "ಮುಂದಿನ ವರ್ಷ ನಾನೇ ಏರಿಸ್ತೀನಿ" ಅಂದುಕೊಂಡವರಲ್ಲಿ ಏರಿಸುವವರು ಕಡಿಮೆ.

ಎಲ್ಲಿ ಹಾಕುವುದು

ಶೇರು ಬೇಡವೇ ಬೇಡ ಅನ್ನುವವರು ವಿಪಿಎಫ್, ಅಂದರೆ ಸಂಬಳದಿಂದ ಪಿಎಫ್‌ಗೇ ಸ್ವಇಚ್ಛೆಯ ಹೆಚ್ಚುವರಿ ಕಂತು ಹಾಕಬಹುದು. ಆದರೆ ಶೇ 2ರ ಲೆಕ್ಕದಲ್ಲಿ ಅದೇ ಕೊರತೆಗೆ ತಿಂಗಳಿಗೆ 13,200 ಬೇಕು. ಅಂಚೆ ಕಚೇರಿ, ಬ್ಯಾಂಕಿನಲ್ಲಿ ಯಾರೂ ತೆರೆಯಬಹುದಾದ ಪಿಪಿಎಫ್ ಖಾತೆಯ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ. ಬ್ಯಾಂಕ್ ಎಫ್‌ಡಿಯ ಬಡ್ಡಿಗೆ ತೆರಿಗೆ ಕಟ್ಟಿದ ಮೇಲೆ ಬೆಲೆಯೇರಿಕೆ ದಾಟುವುದೇ ಅನುಮಾನ.

ಇಂಡೆಕ್ಸ್ ಫಂಡಿನ ಶೇ 4 ಖಾತರಿಯಲ್ಲ. 2008ರಲ್ಲಿ ಮಾರುಕಟ್ಟೆ ಅರ್ಧಕ್ಕೂ ಕೆಳಗೆ ಬಿದ್ದಿತ್ತು, 2020ರ ಮಾರ್ಚ್‌ನಲ್ಲಿ ಎರಡೇ ತಿಂಗಳ ಅಂತರದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. 28ರಲ್ಲಿ ಇದು ಅಗ್ಗಕ್ಕೆ ಕೊಳ್ಳುವ ಕಾಲ, 58ರಲ್ಲಿ ಅಪಾಯ. 50 ದಾಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಸಾಲಪತ್ರದ ಫಂಡುಗಳಿಗೆ ಬದಲಿಸಿ. ಏಜೆಂಟ್ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್‌ನಲ್ಲೇ ಕೊಳ್ಳಿ: ವರ್ಷಕ್ಕೆ ಶೇ 1 ಹೆಚ್ಚು ಶುಲ್ಕ ಎಂದರೆ 35 ವರ್ಷದ ಕೊನೆಗೆ ಗಂಟಿನಲ್ಲಿ ಸುಮಾರು ಶೇ 18 ಖೋತಾ.

ಕಂಪನಿಯಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಸೌಲಭ್ಯ ಇದೆಯೇ ಎಂದು ಕೇಳಿ. ಮಾಲೀಕರ ಮೂಲಕ ಕಟ್ಟಿದ ಮೊತ್ತಕ್ಕೆ ಬೇಸಿಕ್‌ನ ಶೇ 14ರವರೆಗೆ ಹೊಸ ತೆರಿಗೆ ಪದ್ಧತಿಯಲ್ಲೂ ವಿನಾಯಿತಿ ಇದೆ. ತೆರಿಗೆಯೇ ಬಾರದ ಸಂಬಳಕ್ಕೆ ಇದರಿಂದ ಲಾಭ ಇಲ್ಲ; ಹಣ ಮಾತ್ರ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಒಂದು ಭಾಗಕ್ಕೆ ಕಡ್ಡಾಯವಾಗಿ ಪಿಂಚಣಿ ಕೊಳ್ಳಬೇಕು.

ಊರಕಡೆ ಒಂದು ಸೈಟು ತಗೋ ಎಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ತಗೊಳ್ಳಿ, ಆದರೆ ನಿವೃತ್ತಿಯ ಲೆಕ್ಕಕ್ಕೆ ಸೇರಿಸಬೇಡಿ. ಆಸ್ಪತ್ರೆ ಬಿಲ್ಲಿಗೆಂದು ಸೈಟಿನ ಮೂಲೆಯೊಂದನ್ನು ಮಾರಲು ಆಗುವುದಿಲ್ಲ.

ಗಂಟು ಒಡೆಯುವುದು ಎಲ್ಲಿ

ಕೆಲಸ ಬಿಟ್ಟಾಗ ಪಿಎಫ್ ತೆಗೆಯುವುದೇ ಎಲ್ಲಕ್ಕಿಂತ ದೊಡ್ಡ ಸೋರಿಕೆ. ಮೊದಲ ಐದು ವರ್ಷದ 4,800ಗಳು ಬಡ್ಡಿ ಸೇರಿ ಸುಮಾರು 3.4 ಲಕ್ಷ. 30ರಲ್ಲಿ ಅದನ್ನು ತೆಗೆದು ಬೈಕು, ಮದುವೆ ಎಂದು ಮುಗಿಸಿದರೆ, ಶೇ 8.25ರಲ್ಲೇ ಬಿಟ್ಟಿದ್ದರೆ 60ಕ್ಕೆ ಆಗುತ್ತಿದ್ದ ಸುಮಾರು 37 ಲಕ್ಷ (ಇದು ಮಾತ್ರ ಇಂದಿನ ಬೆಲೆಯಲ್ಲಲ್ಲ, ಆಗಿನ ರೂಪಾಯಿಯಲ್ಲಿ) ಹೋಯಿತು. ಐದು ವರ್ಷ ತುಂಬುವ ಮೊದಲೇ ತೆಗೆದರೆ ತೆರಿಗೆಯೂ ಬೀಳುತ್ತದೆ. ಹೊಸ ಕಂಪನಿಗೆ ಹಳೆಯ ಯುಎಎನ್ ಕೊಟ್ಟು ವರ್ಗಾಯಿಸಿ. ಎರಡನೇ ಯುಎಎನ್ ಹುಟ್ಟಲು ಬಿಡಬೇಡಿ. ಪ್ರತಿ ತಿಂಗಳ ಪಾಲನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಖಾಲಿ ಕಂಡರೆ ಸುಮ್ಮನಿರಬೇಡಿ.

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಎಸ್‌ಐಪಿಗೂ ಮೊದಲು ಅದನ್ನು ತೀರಿಸಿ. ವರ್ಷಕ್ಕೆ ಶೇ 36-42 ಬಡ್ಡಿ ಕಟ್ಟುತ್ತಾ ಶೇ 10 ಗಳಿಸಲು ಹೊರಡುವುದರಲ್ಲಿ ಹುರುಳಿಲ್ಲ. ಆಮೇಲೆ ಆರು ತಿಂಗಳ ಖರ್ಚು ಉಳಿತಾಯ ಖಾತೆಯಲ್ಲೋ ಎಫ್‌ಡಿಯಲ್ಲೋ ಇರಲಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುವುದರಿಂದ ಸ್ವಂತದ್ದೂ ಒಂದಿರಲಿ. ಇವಿಲ್ಲದಿದ್ದರೆ ಮೊದಲ ಕಷ್ಟಕ್ಕೇ ನಿವೃತ್ತಿಯ ಹಣಕ್ಕೆ ಕೈ ಹಾಕುತ್ತೀರಿ.

ಪಿಎಫ್ ಇಲ್ಲದ ಅಂಗಡಿ ಕೆಲಸ, ಡೆಲಿವರಿ, ಆಟೊ ಓಡಿಸುವವರಿಗೂ ಲೆಕ್ಕ ಇದೇ. ಕೊರತೆ ಮಾತ್ರ ಪೂರ್ತಿ 108 ಲಕ್ಷ. ತೆರಿಗೆ ಕಟ್ಟದವರು 40ರೊಳಗೆ ಅಟಲ್ ಪಿಂಚಣಿ ಸೇರಬಹುದು. 25ರಲ್ಲಿ ತಿಂಗಳಿಗೆ 376 ಕಟ್ಟಿದರೆ 60ರಿಂದ 5,000 ಪಿಂಚಣಿ. ಆದರೆ ಆ 5,000ಕ್ಕೆ ಇಂದಿನ 650 ರೂಪಾಯಿಯ ಬೆಲೆ. ಅದರ ಜೊತೆಗೆ ತಿಂಗಳಿಗೆ 1,000 ಎಸ್‌ಐಪಿ ಆದರೂ ನಡೆಯಲಿ.

ಪ್ರತಿ ವರ್ಷ ಇನ್‌ಕ್ರಿಮೆಂಟ್ ಪತ್ರ ಕೈಗೆ ಬಂದ ದಿನವೇ ಖರ್ಚು, ಪಾಸ್‌ಬುಕ್ ಮತ್ತು ಮೇಲಿನ ಪಟ್ಟಿಯ ದರ ಹಿಡಿದು ಕೊರತೆಯನ್ನು ಮತ್ತೆ ಎಣಿಸಿ. ವಯಸ್ಸಿಗೆ ಪಟ್ಟಿಯ ಎರಡು ಸಾಲುಗಳ ನಡುವಿನ ದರ ಹಿಡಿದರೆ ಸಾಕು. ಅಲ್ಲಿಯವರೆಗೆ ಕಟ್ಟಿದ ಎಸ್‌ಐಪಿಯ ಇಂದಿನ ಮೌಲ್ಯವನ್ನೂ ಕೊರತೆಯಿಂದ ಕಳೆಯಿರಿ. ಮದುವೆ, ಮಗು, ಮನೆ ಸಾಲ ಬಂದ ವರ್ಷಗಳಲ್ಲಿ ಮೊತ್ತವನ್ನು ಏರಿಸದಿದ್ದರೂ ನಡೆಯುತ್ತದೆ, ಆದರೆ ಎಸ್‌ಐಪಿ ನಿಲ್ಲಿಸಬೇಡಿ.