ಆಮ್ಲಜನಕದ ಅಂಚು ಹುಡುಕಿದ್ದು

ಸಾಲಗಾಮೆ ರಸ್ತೆಯ ಇಸ್ರೋ ಆಂಟೆನಾಗಳನ್ನು ನೋಡುತ್ತ ಬೆಳೆದವನು ನಾನು. ಅಷ್ಟು ಎತ್ತರದಲ್ಲಿರುವ ಉಪಗ್ರಹಕ್ಕೆ ಭೂಮಿ ಯಾವ ಕಡೆ ಇದೆಯೆಂದು ಹೇಗೆ ಗೊತ್ತಾಗುತ್ತದೆ? ಒಂದು ದಾರಿ, ಬೆಚ್ಚಗಿನ ಭೂಮಿ ಮುಗಿದು 2.7 ಕೆಲ್ವಿನ್‌ನ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್) ಆಕಾಶ ಶುರುವಾಗುವ ಅಂಚನ್ನು ಹುಡುಕುವುದು. ಬೆಚ್ಚಗಿನದೆಲ್ಲ ಸಣ್ಣಗೆ ರೇಡಿಯೋ ಅಲೆ ಸೂಸುತ್ತದೆ, ಅದೇ ಗುರುತು. ಅದನ್ನು ಹಾಸನದ ನಮ್ಮ ತಾರಸಿಯಿಂದಲೇ ನೋಡೋಣವೆಂದು ಹಳೆಯ ಡಿಶ್‌ನ ಎಲ್‌ಎನ್‌ಬಿ (12 ಗಿಗಾಹರ್ಟ್ಸ್ ಸುತ್ತಲಿನ ಅಲೆ ಹಿಡಿಯುವ ಅದರ ತಲೆ) ಬಿಚ್ಚಿ ಕೋಲಿಗೆ ಕಟ್ಟಿ, ಅಲೆಯ ಬಲವನ್ನು ಮುಳ್ಳಿನಲ್ಲಿ ತೋರಿಸುವ ಸ್ಯಾಟಲೈಟ್ ಫೈಂಡರ್ ಮೀಟರ್ ಜೋಡಿಸಿದೆ.

ಟಿವಿ ಉಪಗ್ರಹಗಳು ನಮಗೆ ದಕ್ಷಿಣದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಅದಕ್ಕೆ ಉತ್ತರಕ್ಕೆ ತಿರುಗಿಸಿ ಐದೈದು ಡಿಗ್ರಿ ಇಳಿಸುತ್ತ ಬಂದೆ. ಬಿಸಿಲೇರಿದಂತೆ ಎಲ್‌ಎನ್‌ಬಿ ಕಾದು ಮುಳ್ಳು ತಾನಾಗಿಯೇ ಸರಿಯುತ್ತಿತ್ತು. ಪ್ರತಿ ಸಲವೂ ಒಮ್ಮೆ ನೆಲ, ಒಮ್ಮೆ ತಿಳಿ ಆಕಾಶ ತೋರಿಸಿ ಹೋಲಿಸಿಕೊಂಡ ಮೇಲೆ ಅಂಕಿಗಳು ನಿಂತವು. ಆದರೆ ಅಂಚು? ಒಂದು ಕಡೆ ತೆಂಗಿನ ಗರಿ, ಇನ್ನೊಂದು ಕಡೆ ನೀರಿನ ಟ್ಯಾಂಕ್. ಮಳೆಮೋಡ ಕವಿದ ದಿನ ಆಕಾಶವೇ ಬೆಚ್ಚಗೆ ಕಂಡಿತು. 12 ಗಿಗಾಹರ್ಟ್ಸ್‌ಗೆ ಗಾಳಿ ಬಹುತೇಕ ಗಾಜಿನಂತೆ. ನಾನು ಅಳೆದದ್ದು ಮರ, ಗೋಡೆ, ಮೋಡಗಳನ್ನು.

60 ಗಿಗಾಹರ್ಟ್ಸ್ ಸುತ್ತ ಹಾಗಲ್ಲ. ಆಮ್ಲಜನಕದ ಅಣುವಿನಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನ್‌ಗಳಿವೆ, ಅದೊಂದು ಪುಟ್ಟ ಅಯಸ್ಕಾಂತ. ಹಾಗಾಗಿ ಅದು ಈ ಅಲೆಗಳನ್ನು ಹೀರುತ್ತದೆ, ಹೀರುವಲ್ಲೇ ಸೂಸುತ್ತದೆ ಕೂಡ. ಸಾರಜನಕಕ್ಕೆ ಆ ಗುಣವಿಲ್ಲ. ಹೀಗೆ ಹೀರುವ ಆವರ್ತನಗಳಿಗೆ ರೇಖೆಗಳೆನ್ನುತ್ತಾರೆ. 60ರ ಸುತ್ತ ಅವುಗಳ ಗುಂಪೇ ಇದೆ, 118.75 ಗಿಗಾಹರ್ಟ್ಸ್‌ನಲ್ಲಿ ಇನ್ನೊಂದು ಒಂಟಿ ರೇಖೆಯಿದೆ. ರೇಖೆಯ ನಟ್ಟನಡುವಿನ ಆವರ್ತನದಲ್ಲಿ ಮೇಲಿನಿಂದ ನೋಡಿದರೆ ನೆಲ ಕಾಣುವುದೇ ಇಲ್ಲ. ಕೆಳಗೆ ಅರಬ್ಬಿ ಸಮುದ್ರವಿರಲಿ, ಜಡಿಮಳೆಯ ಸಕಲೇಶಪುರವಿರಲಿ, ಹಗಲೋ ರಾತ್ರಿಯೋ, ಕಾಣುವುದು ಎತ್ತರದ ಗಾಳಿ ಮಾತ್ರ. ನನ್ನ ಮಟ್ಟಿಗೆ ಇದರ ಸೊಗಸೆಲ್ಲ ಇಲ್ಲಿದೆ.

ಆ ಆವರ್ತನದ ರಿಸೀವರ್ ನನ್ನಲ್ಲಿಲ್ಲ, ಪೈಥಾನ್‌ನಲ್ಲಿ ಲೆಕ್ಕ ಹಾಕಿದೆ. 500 ಕಿ.ಮೀ. ಎತ್ತರದ ಉಪಗ್ರಹದಿಂದ ಅಂಚು ನೇರ ಅಡ್ಡನೋಟಕ್ಕಿಂತ 22 ಡಿಗ್ರಿ ಕೆಳಗೆ, ಸುಮಾರು 2570 ಕಿ.ಮೀ. ದೂರದಲ್ಲಿದೆ. ಅಂಚು ದಾಟುವಾಗಿನ ಜಿಗಿತ 230 ಕೆಲ್ವಿನ್, ಆಂಟೆನಾದ ನೋಟದ ಅಗಲ 2 ಡಿಗ್ರಿ ಎಂದು ಹಿಡಿದೆ. ಸಿಸ್ಟಂ ತಾಪ (ಒಟ್ಟು ಗದ್ದಲವನ್ನು ತಾಪವಾಗಿ ಹೇಳುವ ಅಂಕಿ) 1000 ಕೆಲ್ವಿನ್, ಹಿಡಿಯುವ ಆವರ್ತನದ ಅಗಲ 500 ಮೆಗಾಹರ್ಟ್ಸ್, ಪ್ರತಿ ಅಳತೆಗೆ 10 ಮಿಲಿಸೆಕೆಂಡ್ ಕೊಟ್ಟರೆ ಅಳತೆಯಲ್ಲಿ ಉಳಿಯುವ ಗದ್ದಲ, ಅಂದರೆ ಏರಿಳಿತ, ಬರೀ 0.45 ಕೆಲ್ವಿನ್. ನೋಟ ಅಷ್ಟು ಅಗಲವಿದ್ದರೂ ಏರಿಕೆಯ ನಡುಬಿಂದು 0.004 ಡಿಗ್ರಿಯಷ್ಟು ಸೂಕ್ಷ್ಮವಾಗಿ ಸಿಗುತ್ತದೆ! ಎರಡು ಸಲ ಲೆಕ್ಕ ತಿರುವಿ ನೋಡಿದೆ.

ತೊಡಕು ಬೇರೆ ಕಡೆ ಇತ್ತು. ಗಾಳಿಯ ಅಂಚು 1 ಕಿ.ಮೀ. ಮೇಲೆ ಕೆಳಗಾದರೆ 0.022 ಡಿಗ್ರಿ ತಪ್ಪು, ಗದ್ದಲದಿಂದಾಗುವ ತಪ್ಪಿನ ಐದು ಪಟ್ಟಿಗೂ ಹೆಚ್ಚು. ಈಗ ಧ್ರುವದ ಚಳಿಗಾಲದ ಗಾಳಿಗೆ ಒಂದು, ನಮ್ಮ ಕಡೆಯ ಗಾಳಿಗೆ ಇನ್ನೊಂದು ಎಂದು ಅಂಚಿನ ಎತ್ತರವನ್ನು ಬೇರೆಬೇರೆಯಾಗಿ ಲೆಕ್ಕ ಹಾಕುತ್ತಿದ್ದೇನೆ.